ಎಕ್ಸ್ ತಿಂದ ಹೆಸರು

೩ ಆಗಸ್ಟ್ ೧೯೮೮, ವಾಡಿ ಆಫೀಸು
ಇವತ್ತೂ ಹೊಸ ಕಂಪ್ಯೂಟರಿನ ಗಾಜಿನ ಮೇಲೆ ಸಿಮೆಂಟಿನ ಧೂಳು. ಸೆರಗಿನಿಂದ ಒರೆಸಿದೆ. ಕಪ್ಪು ಪರದೆ, ಹಸಿರು ಅಕ್ಷರ... ಹಾಳಾದ್ದು, ಟೈಪ್‌ರೈಟರಿನಂತೆ ಹೊಡೆದರೆ ಬರೆಯುವುದೇ ಇಲ್ಲ, ಕುಯ್ ಅನ್ನುತ್ತದೆ. ಕಲಿಸಲು ಗುಲ್ಬರ್ಗಾದಿಂದ ಬಂದಿರುವ ಬಂದೇಅಲಿ ಸಾಹೇಬರಿಗೆ ನಗು.
"ಮೊದ್ಲ ಐ ಒತ್ರಿ ಬಾಯಾರ, ಆಮ್ಯಾಲ ಬರೀರಿ. ಬರದಾದ ಮ್ಯಾಲ ಎಸ್ಕೇಪ್. ಐ ಒತ್ತದಿದ್ರ ಒಂದೊಂದು ಅಕ್ಷರನೂ ಒಂದೊಂದು ಹುಕುಂ."
ಒಂದು ತಿಂಗಳು ಟ್ರಯಲ್. ತಪ್ಪಾದರೆ ಮತ್ತೆ ಗೇಟಿನಲ್ಲಿ ಲಾರಿ ಚೀಟಿ ಬರೆಯಬೇಕು ಎಂದಿದ್ದಾರೆ ಮ್ಯಾನೇಜರ್. ಆ ಧೂಳು ನನಗೆ ಸಾಕಾಗಿದೆ.

೯ ಆಗಸ್ಟ್
ಕೈ ಪಳಗುತ್ತಿದೆ. ಡಿ ಎರಡು ಸಲ — ಸಾಲೇ ಮಾಯ. ಯೂ — ವಾಪಸು. ಎಂಥ ಮೋಡಿ!
ಸಂಜೆ ಚಿತ್ತಾಪುರದ ರೈಲಿನಲ್ಲಿ ಕಣ್ಣು ಮುಚ್ಚಿದರೂ ಅಕ್ಷರಗಳು ತೇಲುತ್ತಿದ್ದವು. ಕಿಟಕಿಯಾಚೆ ತೊಗರಿಯ ಸಾಲುಗಳು. ಮನಸ್ಸಿನಲ್ಲೇ ಜೆ ಒತ್ತಿದೆ, ಕೆಳಗಿನ ಸಾಲು. ಕೆ ಒತ್ತಿದೆ, ಮೇಲಿನದು. ಸ್ಟೇಷನ್ ಬಂದದ್ದೇ ತಿಳಿಯಲಿಲ್ಲ.

೧೬ ಆಗಸ್ಟ್
ಗಣಿ ಕೂಲಿಗಳಲ್ಲಿ ಕಾಯಂ ಆಗುವವರ ಪಟ್ಟಿ ಹೊಡೆಯುತ್ತಿದ್ದೇನೆ. ತೆಂಗಳಿಯ ಹಣಮಪ್ಪ ಕಿಟಕಿಗೆ ಬಂದ. ಹನ್ನೊಂದು ವರ್ಷದ ದಿನಗೂಲಿ.
"ನನ್ನ ಹೆಸರ ಹಚ್ಚೀರೇನ್ರಿ ಬಾಯಾರ?"
ಒಳಗೆ ಕರೆದು ತೋರಿಸಿದೆ. ಓದು ಬಾರದು. ಬೆರಳಿನಿಂದ ಗಾಜು ಮುಟ್ಟಿದ.
"ಎಷ್ಟ ಹಸರ ಅದರೀ... ಬೆಳಿ ಇದ್ದಂಗ."
ನನಗೂ ಹಾಗೇ ಕಂಡಿತು, ಒಂದು ಗಳಿಗೆ.

೨೦ ಆಗಸ್ಟ್
ಪಟ್ಟಿ ಮುಗೀತು. ಹಣಮಪ್ಪನ ಸಾಲಿನಲ್ಲಿ ಊರಿನ ಹೆಸರು ಎರಡು ಸಲ ಬಿದ್ದಿತ್ತು. ಅದನ್ನು ಹೊಡೆದುಹಾಕಲು, ಮುಂದಿನ ಕಾಗದ ನೋಡುತ್ತಲೇ ಎಕ್ಸ್ ಒತ್ತಿಹಿಡಿದೆ, ಕುಯ್ ಅನ್ನುವವರೆಗೆ. ಹೊರಗೆ ಪಟ್ಟಿ ಒಯ್ಯುವ ಜೀಪಿನ ಹಾರ್ನ್. ಕೋಲನ್, ಡಬ್ಲ್ಯೂ, ಕ್ಯೂ — ಉಳಿಸಿ ಹೊರಬಂದೆ. ಪ್ರಿಂಟ್ ತೆಗೆದು ಕೊಟ್ಟೆ. ಹೆಡ್ ಆಫೀಸಿಗೆ ಹೋಯಿತು. ನಿರಾಳ.

೨೬ ಆಗಸ್ಟ್
ಬೋರ್ಡಿಗೆ ಪಟ್ಟಿ ಹಚ್ಚಿದ್ದಾರೆ. ಹಣಮಪ್ಪನ ಹೆಸರಿಲ್ಲ.
ಫೈಲು ತೆರೆದೆ. ನಡುವೆ ಒಂದು ಖಾಲಿ ಸಾಲು. ಅಯ್ಯೋ, ನನ್ನ ಕೈ! ಟೈಪ್‌ರೈಟರಿನಲ್ಲಿ ತಪ್ಪಿನ ಮೇಲೆ ಎಕ್ಸ್ ಎಕ್ಸ್ ಹೊಡೆಯುವ ರೂಢಿ. ಅಲ್ಲಿ ಎಕ್ಸ್ ಮುಚ್ಚುತ್ತದೆ, ಅಡಿಯಲ್ಲಿ ಅಕ್ಷರ ಉಳಿದಿರುತ್ತದೆ. ಇಲ್ಲಿ ಒಂದೊಂದು ಎಕ್ಸೂ ಒಂದೊಂದು ಅಕ್ಷರ ತಿಂದಿದೆ. ಕರ್ಸರ್ ಸಾಲಿನ ಮೊದಲಲ್ಲೇ ಇತ್ತು, ನಾನು ನೋಡಿರಲಿಲ್ಲ. ಯೂ ಒತ್ತಿದೆ, ಒತ್ತಿದೆ...
"ಉಳಿಸಿ ಹೊರಗ ಬಂದ ಮ್ಯಾಲ ಯೂ ನಡ್ಯಂಗಿಲ್ರಿ," ಅಂದರು ಸಾಹೇಬರು. ಹೆಡ್ ಆಫೀಸಿನ ಪಟ್ಟಿ ತಿದ್ದಬೇಕಾದರೆ, ತಪ್ಪು ಯಾರದು ಎಂದು ೩೧ರೊಳಗೆ ಬರೆದುಕೊಡಬೇಕಂತೆ.
ಹಣಮಪ್ಪ ಬಂದ. "ನಿಮ್ಮ ಡಬ್ಬಿದಾಗ ಇತ್ತಲ್ರಿ, ಎಲ್ಲಿ ಹೋತು?"
"ಮ್ಯಾಲಿನವರು ತೆಗ್ದಾರ," ಅಂದೆ. ಛೀ.

೩೦ ಆಗಸ್ಟ್
ಮೂರು ದಿನ ರಜೆ ಹಾಕಿ ಮಲಗಿದ್ದೆ. ಗೋಡೆಯ ಮೇಲೂ ಖಾಲಿ ಸಾಲು. ಅವ್ವನಿಗೆ ಹೇಳಿದೆ.
"ತಪ್ಪು ಮಾಡ್ದಾಕಿ ನೀ. ಬಿಸಲಾಗ ಕಲ್ಲು ಅಂವಾ ಒಡೀಬೇಕೇನು?" ಅಂದಳು. ರೊಟ್ಟಿ ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

೩೧ ಆಗಸ್ಟ್, ಮಧ್ಯಾಹ್ನ, ಆಫೀಸು
ಪತ್ರ ಬರೆದೆ, ಕಣ್ಣು ಪರದೆಯ ಮೇಲೇ ಇಟ್ಟು. ತಪ್ಪು ನನ್ನದು, ಹಣಮಪ್ಪನ ಹೆಸರು ಸೇರಿಸಬೇಕು — ಅನಸುಬಾಯಿ, ಟೈಪಿಸ್ಟ್. ಎಸ್ಕೇಪ್. ಕೋಲನ್, ಕ್ಯೂ ಒತ್ತಿ ಮುಂದೆ ಆಶ್ಚರ್ಯಚಿಹ್ನೆ ಹಾಕಿದರೆ ಬರೆದದ್ದೆಲ್ಲ ಇಲ್ಲವಾಗುತ್ತದೆ. ಯಾರಿಗೂ ಗೊತ್ತಾಗದು. ಒತ್ತಲಿಲ್ಲ. ಆಮೇಲೆ ಹಣಮಪ್ಪನನ್ನು ಒಳಗೆ ಕರೆದೆ.
"ಅಣ್ಣಾ, ಅವತ್ತ ಸುಳ್ಳ ಹೇಳ್ದೆ. ನಿನ್ನ ಹೆಸರ ಅಳಸ್ದಾಕಿ ನಾನೇ."
ನನ್ನನ್ನೇ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ಈಗ ಹಚ್ಚೀರೇನ್ರಿ?"
"ಹಚ್ಚೀನಿ. ಇನ್ನಾ ಉಳಿಸಿಲ್ಲ."
"ಹಂಗಾದ್ರ ಉಳಸ್ರಿ. ನಿಂತಿರ್ತೀನಿ."
ಪಕ್ಕದಲ್ಲೇ ನಿಂತಿದ್ದಾನೆ. ಧೈರ್ಯ ಬರಲೆಂದು ಇದನ್ನು ಬರೆಯುತ್ತಿದ್ದೇನೆ. ಕೋಲನ್ ಒತ್ತಿಯಾಯಿತು. ಎಡಗೈಯಿಂದ ಡಬ್ಲ್ಯೂ. ಕ್ಯೂ. ಎಂಟರ್ ಬಲಗೈಯ ಕೆಲಸ. ಪೆನ್ನು ಕೆಳಗಿಡ—