ಭುಜದಲ್ಲಿ ಸಿಕ್ಕಿಕೊಂಡ ಫ್ರಾಕು

ಮಾರ್ಚ್ 11, ಮಂಗಳವಾರ

ಫ್ರಾಕು ಮಗಳ ಭುಜ ದಾಟಿ ಕೆಳಗಿಳಿಯಲೇ ಇಲ್ಲ.

ಬೆಳಿಗ್ಗೆ ತಾನೇ ಮೊದಲ ಆರ್ಡರ್ ಬಂದಿತ್ತು. ಗುರುತು ಪರಿಚಯ ಇಲ್ಲದ ಯಾರೋ ಹೆಂಗಸು ದುಡ್ಡು ಕೊಟ್ಟು ನನ್ನ ಫ್ರಾಕಿನ ಪ್ಯಾಟರ್ನ್ ಫೈಲನ್ನು ಡೌನ್‌ಲೋಡ್ ಮಾಡಿಕೊಂಡಳು. ಪ್ರಿಂಟ್ ತೆಗೆದು, ಗೆರೆ ಹಿಡಿದು ಬಟ್ಟೆ ಕತ್ತರಿಸಿದರೆ ಆಯ್ತು. ಇಷ್ಟು ವರ್ಷ ಊರವರ ಬಟ್ಟೆ ಹೊಲಿದ ನನಗೆ, ಮಿಷನ್ ತುಳಿಯದೆ ಬಂದ ಮೊದಲ ದುಡ್ಡು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ, ಅದೇ ಪ್ಯಾಟರ್ನಿನಲ್ಲಿ ಹೊಲಿದಿಟ್ಟಿದ್ದ ಫ್ರಾಕು ಹಾಕಿಸಿ ಮಗಳ ಫೋಟೊ ತೆಗೆಯೋಣ ಅಂತ ಹೊರಟರೆ, ಹೀಗೆ.

ಅಂದರೆ ನಾನು ಮಾರಿದ್ದೇ ತಪ್ಪು ಅಳತೆ! ಆ ಹೆಂಗಸು ಈಗಾಗಲೇ ಬಟ್ಟೆಗೆ ಕತ್ತರಿ ಹಾಕಿದ್ದರೆ?

"ಒಂಚೂರು ಬಿಗಿ ಆದ್ರೆ ಏನಾಗತ್ತೆ, ಬಿಡೇ," ಅಂದರು ಇವರು. ಹೊಲಿಗೆ ಗೊತ್ತಿಲ್ಲದವರಿಗೆ ಎಲ್ಲವೂ ಒಂಚೂರೇ.

ಟೇಪು ಹಿಡಿದು ಕೂತೆ. ಪ್ಯಾಟರ್ನಿನ ಕಾಗದ ಸರಿ ಇತ್ತು. ಫ್ರಾಕೂ ಸರಿ ಇತ್ತು. ಕೊನೆಗೆ ಮಗಳ ಭುಜಕ್ಕೇ ಟೇಪು ಇಟ್ಟೆ; ಬೆಳೆದಿದ್ದು ಅದು.

"ಬಿಗಿ ಆಗತ್ತೆ ಅಂತ ಹೊಲಿಯೋವಾಗ್ಲೇ ಹೇಳಿದ್ನಲ್ಲಮ್ಮ," ಅಂದಳು. "ನೀನೇ, ಇರು, ಫೈಲ್ ಮುಗೀಲಿ ಅಂದೆ."

ಫೈಲಿನಲ್ಲಿದ್ದದ್ದು ಕಳೆದ ಬೇಸಿಗೆಯಲ್ಲಿ ತೆಗೆದ ಅವಳ ಅಳತೆ. ಅವಳು ಮಲಗಿದ ಮೇಲೆ, ಅವಳು ಏಳುವ ಮೊದಲು, ಕೂತು ಆ ಫೈಲನ್ನೇ ತಿದ್ದಿದ್ದೂ ತಿದ್ದಿದ್ದೇ.

ಪ್ಯಾಟರ್ನಿನಲ್ಲಿ ತಪ್ಪಿಲ್ಲ. ಯಾರ ಬಟ್ಟೆಯೂ ಹಾಳಾಗುವುದಿಲ್ಲ. ಸಮಾಧಾನ ಆಗಬೇಕಿತ್ತು. ಆ ಅಳತೆಯ ಮಗು ಮಾತ್ರ ಈಗ ನಮ್ಮನೆಯಲ್ಲಿಲ್ಲ.