ಶಿಲುಬೆ ನೆಡುವ ಮೊದಲು

ಗುಂಡ್ಯ

ಅಚ್ಚನವರಿಗೆ,
ಈಶೋ ಕ್ರಿಸ್ತರಿಗೆ ಸ್ತುತಿ.

ಮಲಯಾಳ ಬರೆಯಲು ನನಗೆ ಬರುವುದಿಲ್ಲ. ನೀವೂ ಇಲ್ಲಿಯ ಕನ್ನಡ ಶಾಲೆಯಲ್ಲೇ ಕಲಿತ ಪಾದ್ರಿಯೆಂದು ಹೀಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಹೊಳೆಗೆ ಬಿದ್ದು ಬರುವ ತಿಂಗಳಿಗೆ ವರ್ಷವಾಗುತ್ತದೆ. ಶವ ಸಿಗದಿದ್ದರೂ ಚರ್ಚಿನ ಹಿಂದೆ ಸಮಾಧಿ ಕಟ್ಟಿಸಿ, ಶಿಲುಬೆಯ ಮೇಲೆ ಸ್ಕರಿಯ ಎಂದು ಹೆಸರು ಹಾಕಿಸುವ ಎಂದಿರಿ. “ಕಾಣದೆ ನಂಬುವವರೇ ಧನ್ಯರು, ಲಿಸ್ಸಿ” ಎಂದೂ ಹೇಳಿದಿರಿ.

ನನಗೆ ಅಳು ಬರುವುದಿಲ್ಲ. ರಬ್ಬರ್ ಶೀಟ್ ಒಣಗಿಸುತ್ತೇನೆ, ಅನ್ನ ಮಾಡುತ್ತೇನೆ, ಸಂಜೆ ಜಪಮಾಲೆಗೆ ಕೂರುತ್ತೇನೆ. ಕೊನೆಯ ಆಮೇನ್ ಮಾತ್ರ ಬಾಯಿಗೆ ಬರುವುದಿಲ್ಲ. ಹೊಳೆಯಲ್ಲಿ ಮುಳುಗಿ ಹುಡುಕಿದ ಶುಕೂರ್ ಪೇಟೆಯಲ್ಲಿ ಸಿಕ್ಕಿದಾಗಲೆಲ್ಲ, ಅಡಿಯಲ್ಲಿ ಏನಾದರೂ ಕಂಡಿತ್ತೇ ಎಂದೇ ಕೇಳುತ್ತೇನೆ. “ಎಂತ ಹೇಳುದು ಅಕ್ಕ, ಅಡಿಯಲ್ಲಿ ಕಲ್ಲು ಮಾತ್ರ ಉಂಟು” ಎನ್ನುತ್ತಾನೆ.

ನಮ್ಮ ಹಿರಿಯರಿಗೆ ಈಶೋವಿನ ಸುದ್ದಿ ತಂದವರು ಸಂತ ತೋಮಸರು. ಸತ್ತ ಈಶೋ ಎದ್ದು ಬಂದರೆಂದು, ಅವರ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದವರೂ ತೋಮಸರೇ. ಅವರಿಗೆ ಈಶೋ ಗಾಯ ತೋರಿಸಿದರು. ನನಗೆ ಹೊಳೆ ಒಂದು ಚಪ್ಪಲಿಯನ್ನೂ ತೋರಿಸಲಿಲ್ಲ.

ಸಿಟ್ಟಾಗಬೇಡಿ. ಸಮಾಧಿ ಖಾಲಿ ಇದ್ದುದನ್ನು ಕಂಡಲ್ಲವೇ ಶಿಷ್ಯರು ಈಶೋ ಎದ್ದರೆಂದು ನಂಬಿದ್ದು? ಈಗ ಖಾಲಿ ಸಮಾಧಿ ಕಟ್ಟಿಸಿ, ಇವರು ಸತ್ತರೆಂದು ನಂಬು ಎಂದರೆ ನಾನು ಹೇಗೆ ನಂಬಲಿ?

ಶಿಲುಬೆ ಸದ್ಯಕ್ಕೆ ಬೇಡ. ಭಾನುವಾರದ ಪೂಜೆಯಲ್ಲಿ ಇವರ ಹೆಸರನ್ನು ಮೃತರ ಜತೆ ಓದಬೇಡಿ. ಪ್ರಯಾಣದಲ್ಲಿರುವವರಿಗಾಗಿ ಪ್ರಾರ್ಥಿಸುತ್ತೀರಲ್ಲ, ಅಲ್ಲಿ ಓದಿ. ಅಲ್ಲಿ ಓದಿದರೆ ನನ್ನ ಬಾಯಲ್ಲಿ ಆಮೇನ್ ಬಂದೀತು.

ನಿಮ್ಮ ಸಭೆಯ,
ಲಿಸ್ಸಿ ಸ್ಕರಿಯ