ವಾರ ಬಿಟ್ಟು ವಾರದ ಗಾಡಿ

ನನ್ನ ಅರ್ಧ ಗಾಡಿಯ ಯಜಮಾನನೂ ಪೂರ್ತಿ ಗೆಳೆಯನೂ ಆದ ರುದ್ರಾ,

ನೀನು ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ಕೇಳಬೇಡ. ನೀನಿದ್ದಾಗ ಅತ್ತಿಗುಪ್ಪೆಗೂ ವಿಜಯನಗರಕ್ಕೂ ನಡುವೆ ಯಾರಾದರೂ ಕಾಗದ ಬರೆಯುತ್ತಾರೇನೋ? ಸಂಜೆ ಟೀ ಕುಡಿಯುವ ನೆಪದಲ್ಲಿ ನಡೆದುಕೊಂಡು ಬಂದುಬಿಡುವಷ್ಟು ದೂರ. ಹಾಗೆ ಎದುರಿಗೆ ಕೂತು ಹೇಳಬಹುದಾಗಿದ್ದ ಒಂದು ಮಾತನ್ನು ಆರು ವರ್ಷ ನುಂಗಿಕೊಂಡಿದ್ದು, ಈಗ ಹಾಳೆ ಪೆನ್ನು ಹಿಡಿದು ಕೂತಿದ್ದೇನೆ. ಬೈಯುವುದಿದ್ದರೆ ಸ್ವಲ್ಪ ತಡೆ. ಪೂರ್ತಿ ಓದಿದ ಮೇಲೆ ಇನ್ನೂ ಜೋರಾಗಿ ಬೈಯಬಹುದು.

ಗಾಡಿ ಬಂದ ಬೆಳಗ್ಗೆ ನಿಮ್ಮಮ್ಮ ಹೆಡ್‌ಲೈಟಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾ ಕೇಳಿದ್ದರಲ್ಲ, "ಒಂದ್ ಗಾಡಿಗೆ ಇಬ್ರು ಯಜಮಾನ್ರಾ? ಇದೇನ್ ಹಸುನೇನ್ರೋ, ಬೆಳಿಗ್ಗೆ ಒಬ್ಬ, ಸಾಯಂಕಾಲ ಒಬ್ಬ ಹಾಲ್ ಕರ್ಕೊಳ್ಳೋಕೆ?" ನಾವಿಬ್ಬರೂ ಹಲ್ಲು ಕಿರಿದಿದ್ದೆವು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅಕ್ಕಪಕ್ಕದ ಲೇತ್ ಮೆಷಿನ್ನುಗಳ ಮುಂದೆ ನಿಲ್ಲುತ್ತಿದ್ದ ನಮಗೆ, ಒಬ್ಬೊಬ್ಬರೇ ಬುಲೆಟ್ ಕೊಳ್ಳುವ ತಾಕತ್ತು ಎಲ್ಲಿತ್ತು? ಮಿಲಿಟರಿಯಿಂದ ರಿಟೈರ್ ಆಗಿ ಬಸವೇಶ್ವರನಗರದಲ್ಲಿ ಮನೆ ಕಟ್ಟಿಕೊಂಡಿದ್ದ ಒಬ್ಬರ ಹಳೆಯ ಗಾಡಿ ಅದು. ಆರ್.ಸಿ. ಪುಸ್ತಕದಲ್ಲಿ ಒಂದೇ ಹೆಸರು ಬರಬೇಕು ಅಂದಾಗ ನಾನು ದೊಡ್ಡ ಮನಸ್ಸು ಮಾಡಿ ನಿನ್ನ ಹೆಸರು ಹಾಕಿಸಿದೆ. ಆಮೇಲೆ ಅಷ್ಟು ದೊಡ್ಡ ಮನಸ್ಸು ಮತ್ತೆ ಯಾವತ್ತೂ ಮಾಡಲಿಲ್ಲ.

ಆವತ್ತೇ ಮಧ್ಯಾಹ್ನ ನಿಮ್ಮ ಜಗಲಿಯ ಮೇಲೆ ಕೂತು, ಫ್ಯಾಕ್ಟರಿಯ ಹಳೇ ಡ್ರಾಯಿಂಗ್ ಶೀಟಿನ ಹಿಂದೆ ನೀನು ರೂಲ್ಸ್ ಬರೆದೆ. ಒಂದು ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಒಬ್ಬನದು, ಆಮೇಲೆ ಇನ್ನೊಬ್ಬನದು. ತೊಳೆದು, ಒರೆಸಿ, ಟ್ಯಾಂಕ್ ತುಂಬಿಸಿ ಒಪ್ಪಿಸಬೇಕು. ಅಷ್ಟು ಸಾಕು ಅಂತ ನೀನು ಪೆನ್ನು ಮುಚ್ಚಿದೆ. ನಾನು ಸುಮ್ಮನಿರಲಿಲ್ಲ. "ಬೀಳ್ಸಿದೋನು ಒಂದ್ ತಿಂಗ್ಳು ಹ್ಯಾಂಡಲ್ ಮುಟ್ಟೋ ಹಂಗಿಲ್ಲ, ಅದನ್ನೂ ಬರಿ" ಅಂದೆ. ನೀನು ನಗುತ್ತಾ ಬರೆದೆ. ಯಾರು ಬೀಳಿಸಬಹುದು ಅಂತ ನಾನು ಅಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ, ಆದರೆ ನಾನಂತೂ ಅಲ್ಲ ಅನ್ನುವ ಧೈರ್ಯ ಮಾತ್ರ ಇತ್ತು.

ಸಂಡೇ ಬಜಾರಿನಲ್ಲಿ ಇಬ್ಬರಿಗೂ ಸೇರಿ ಒಂದೇ ಜಾಕೆಟ್ಟು ಹುಡುಕಿದ ದಿನವನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಿನ್ನ ಅಳತೆಗೆ ತಗೊಂಡರೆ ನನಗೆ ಬೆರಳು ಕಾಣುವುದಿಲ್ಲ, ನನ್ನ ಅಳತೆಗೆ ತಗೊಂಡರೆ ನಿನಗೆ ಹೊಟ್ಟೆ ಮುಚ್ಚುವುದಿಲ್ಲ. ಕೊನೆಗೆ ನಿನ್ನದೇ ಅಳತೆ ಗೆದ್ದಿತು. ಹೆಲ್ಮೆಟ್ಟೂ ಒಂದೇ. ನಿನ್ನ ತಲೆಗೆ ಸರಿಯಾಗಿ ಕೂರುತ್ತಿದ್ದದ್ದು ನನ್ನ ತಲೆಯ ಮೇಲೆ ಮಡಕೆಯ ಹಾಗೆ ಗಿರಗಿರ ತಿರುಗುತ್ತಿತ್ತು. ನಾನು ಒಳಗೆ ಮಂಕಿ ಕ್ಯಾಪ್ ಹಾಕಿಕೊಂಡು ಅದರ ಮೇಲೆ ಹೆಲ್ಮೆಟ್ ಇಟ್ಟುಕೊಳ್ಳುತ್ತಿದ್ದೆ. ಕೈಗವಸು ಫ್ಯಾಕ್ಟರಿ ಸ್ಟೋರಿನಿಂದ ನೀನು ಕೇಳಿ ತಂದದ್ದು, ಎರಡೂ ಎಡಗೈದೇ! ಬಲಗೈಗೆ ತಿರುವಿ ಹಾಕಿಕೊಂಡರೆ ಹೆಬ್ಬೆರಳು ಎಲ್ಲಿ ಹೋಗಬೇಕೋ ಅದಕ್ಕೇ ತಿಳಿಯುತ್ತಿರಲಿಲ್ಲ.

ಶಿವಗಂಗೆಗೆ ಇಬ್ಬರೂ ಒಟ್ಟಿಗೆ ಹೊರಟ ಬೆಳಗ್ಗೆ ನಾನು ಹತ್ತು ಹನ್ನೆರಡು ಸಲ ಕಿಕ್ ಹೊಡೆದು, ಬೆವರಿ, ಗಾಡಿಗೆ ಬೈಯುತ್ತಾ ನಿಂತಿದ್ದೆ. ನೀನು ಬಂದೆ. ಮೀಟರಿನ ಮುಳ್ಳು ನೋಡಿದೆ, ಕಾಲಲ್ಲಿ ಮೆಲ್ಲಗೆ ಒಮ್ಮೆ ಒತ್ತಿ ಬಿಟ್ಟೆ, ಆಮೇಲೆ ಒಂದೇ ಏಟು. ಬುಲೆಟ್ಟು ಗುಡುಗುಡು ಅಂದಿತು. "ಒದೀಬಾರ್ದು ಗುರು, ಅದು ಏನ್ ಹೇಳ್ತಿದೆ ಕೇಳ್ಕೋಬೇಕು" ಅಂದೆ. ತುಮಕೂರು ರಸ್ತೆಯ ಮಂಜಿನಲ್ಲಿ, ಚಳಿಗೆ ಶರ್ಟಿನೊಳಗೆ ತುರುಕಿಕೊಂಡ ಹಳೇ ಪೇಪರು ಚರಚರ ಅನ್ನುತ್ತಿತ್ತು, ನೀನು ಹಾಡಿಕೊಳ್ಳುತ್ತಾ ಓಡಿಸುತ್ತಿದ್ದೆ. ಲಾರಿ ಹಿಂದಿಕ್ಕಿದರೆ ಕೈ ಬೀಸಿ ದಾರಿ ಬಿಡುತ್ತಿದ್ದೆ. ನಿನ್ನ ಹಿಂದೆ ಕೂತರೆ ನಿದ್ದೆ ಬರುವಷ್ಟು ನೆಮ್ಮದಿ ಇತ್ತು ಕಣೋ. ಅಂಥವನನ್ನು ನಾನು...

ಆ ಶನಿವಾರ ಅರ್ಧ ದಿನದ ಶಿಫ್ಟು. ನನ್ನ ವಾರದ ಕೊನೆಯ ದಿನ ಅಂತ ಆಸೆಗೆ ಬಿದ್ದು ಮಾಗಡಿವರೆಗೆ ಹೋಗಿಬರಲು ಹೊರಟೆ. ತಾವರೆಕೆರೆ ದಾಟಿದ ಮೇಲೆ ರಸ್ತೆಯನ್ನೇ ಕಣ ಮಾಡಿಕೊಂಡು ಹುರುಳಿ ಹರಡಿದ್ದರು. ಬಸ್ಸು ಲಾರಿ ಓಡಾಡಿದರೆ ಅವರಿಗೆ ಕಾಳು ಬಿಡಿಸುವ ಕೆಲಸ ತಪ್ಪುತ್ತದೆ, ನಿನಗೆ ಗೊತ್ತಿರುವುದೇ. ಒಬ್ಬಾಕೆ ಕೈಯೆತ್ತಿ, "ನಿಧಾನ ಕಣಪ್ಪೋ, ಜಾರ್ತದೆ!" ಅಂತ ಕೂಗಿದಳು. ನೋಡುವವರು ಇದ್ದಾರೆ ಅಂತ ಗೊತ್ತಾದರೆ ನನಗೆ ಬುದ್ಧಿ ನಿಲ್ಲುತ್ತದೆಯೇ? ವೇಗ ಹೆಚ್ಚಿಸಿದೆ. ಹುರುಳಿಯ ಮೇಲೆ ಚಕ್ರ ಹತ್ತಿದ ಕೂಡಲೇ ಹೆದರಿ ಬ್ರೇಕ್ ಹಿಡಿದೆ. ಆಮೇಲೆ ನೆನಪಿರುವುದು ಇಷ್ಟೇ: ನಾನು ಒಂದು ಕಡೆ, ಗಾಡಿ ಒಂದು ಕಡೆ, ನಡುವೆ ಆ ಹೆಂಗಸು ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದದ್ದು.

ಗಾಡಿ ಎತ್ತಿಕೊಟ್ಟ ರೈತ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅವುಚಿಕೊಂಡ, ನಾನು ಹ್ಯಾಂಡಲನ್ನು ಎಳೆದು ನೇರ ಮಾಡಿದೆ. ಕಣ್ಣಿಗೆ ನೇರವಾಗಿ ಕಂಡಿತು. ವಾಪಸ್ ಬರುವಾಗ ಬ್ರೇಕ್ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮುಂಚಕ್ರವನ್ನು ಹಿಡಿದಿರುವ ಫೋರ್ಕು ಬಾಗಿದೆ ಅನ್ನುವುದು ಲೇತ್ ಮೇಲೆ ಕೆಲಸ ಮಾಡುವವನಿಗೆ ಯಾರಾದರೂ ಹೇಳಿಕೊಡಬೇಕಾ? ಆದರೆ ಅದರ ಮುಂದಿನ ನನ್ನ ವಾರದಲ್ಲಿ ಫ್ಯಾಕ್ಟರಿಯ ನಾಲ್ಕು ಜನರ ಜೊತೆ ಶಿವನಸಮುದ್ರಕ್ಕೆ ಹೋಗುವುದು ನಿಶ್ಚಯವಾಗಿತ್ತು. ಬಿದ್ದೆ ಅಂತ ಹೇಳಿದರೆ ನನ್ನದೇ ರೂಲ್ಸು, ಒಂದು ತಿಂಗಳು ಹ್ಯಾಂಡಲ್ ಮುಟ್ಟುವ ಹಾಗಿಲ್ಲ. ಲೆಗ್‌ಗಾರ್ಡಿನ ತರಚಿಗೆ ಕಪ್ಪು ಪೇಂಟು ಬಳಿದೆ. ಮೊಣಕೈ ಗಾಯಕ್ಕೆ ತುಂಬುತೋಳಿನ ಶರ್ಟು ಹಾಕಿಕೊಂಡೆ.

ಭಾನುವಾರ ಬೆಳಗ್ಗೆ ನಿಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಲಲಿತಮ್ಮ ಹೊಸ ಸೀರೆ ಉಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಆಗಲೇ ಬಾಗಿಲಲ್ಲಿದ್ದರು. ಮದುವೆಯಾಗಿ ಐದು ವರ್ಷಕ್ಕೆ ಮೊದಲ ಸಲ ನಿಮ್ಮಿಬ್ಬರದೇ ದೂರದ ಸವಾರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಆಮೇಲೆ ದಾರಿ ಕರೆದುಕೊಂಡು ಹೋದಲ್ಲಿಗೆ. ಪುಟ್ಟ ಸುಮಾ ಅಜ್ಜಿಯ ಸೊಂಟದಲ್ಲಿ ಅಳುತ್ತಿದ್ದಳು. ನೀನು ಕೀ ತಗೊಂಡು ಕೇಳಿದೆ, "ಗಾಡಿ ಹೆಂಗಿದೆ ಗುರು?"

"ಬೆಣ್ಣೆ ಇದ್ದಂಗಿದೆ" ಅಂದೆ ನಾನು.

ಆ ಎರಡು ಪದಗಳನ್ನು ಈ ಆರು ವರ್ಷದಲ್ಲಿ ಎಷ್ಟು ಸಲ ವಾಪಸ್ ತಗೊಂಡಿದ್ದೇನೋ! ಹಲ್ಲುಜ್ಜುವಾಗ, ಮೆಷಿನ್ ಮುಂದೆ ನಿಂತಾಗ. ಆವತ್ತು ಮಾತ್ರ ನೀವು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಾ ನಿಂತಿದ್ದೆ. ಹೆಂಡತಿಯನ್ನು ಕೂರಿಸಿಕೊಂಡವನು ನಿಧಾನವಾಗಿ ಹೋಗುತ್ತಾನೆ, ಏನೂ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಆವತ್ತೇ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ನೀನು ಕೂತಿದ್ದ ಭಂಗಿ ಕಣ್ಣು ಮುಚ್ಚಿದರೆ ಕಾಣುತ್ತದೆ. ಕೆಂಗೇರಿ ದಾಟಿ ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂತಂತೆ, ನೀನು ಬ್ರೇಕ್ ಹಿಡಿದೆಯಂತೆ, ಗಾಡಿ ಎಡಕ್ಕೆ ಎಳೆದು ರಸ್ತೆಯ ಅಂಚಿಗೆ ಹೋಗಿ ಬಿತ್ತಂತೆ. ಒಳಗೆ ಲಲಿತಮ್ಮನ ಮುಂಗೈಗೆ ಪ್ಲಾಸ್ಟರ್ ಹಾಕುತ್ತಿದ್ದರು. ನೀನು ನಿನ್ನ ಎರಡೂ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಾ, "ನನ್ ಕೈಯಲ್ಲೇ ಏನೋ ಆಯ್ತು ಕಣೋ ಜಯರಾಮಾ" ಅಂದೆ. ಆಗ ಹೇಳಬಹುದಿತ್ತು. ನಾನು ನಿನ್ನ ಬೆನ್ನು ತಟ್ಟಿದೆ! ಬೆನ್ನು ತಟ್ಟಿ, "ಆಗುತ್ತೆ ಬಿಡು, ಎಲ್ರಿಗೂ ಆಗುತ್ತೆ" ಅಂದೆ.

ಗಾಡಿ ರಿಪೇರಿಯಾಗಿ ಬಂದ ದಿನ ನೀನೇ ಕೀ ತಂದು ನನ್ನ ಕೈಗಿಟ್ಟೆ. "ರೂಲ್ಸು ರೂಲ್ಸೇ. ಒಂದ್ ತಿಂಗ್ಳು ನಿಂದೇ." ಫೋರ್ಕು ಬಿಚ್ಚಿದ ಮೆಕ್ಯಾನಿಕ್, "ಇದು ಎರಡ್ ಸಲ ಬಿದ್ದಂಗಿದ್ಯಲ್ಲ ಸಾರ್" ಅಂತ ಕೇಳಿದಾಗ ಅವನನ್ನು ಗದರಿಸಿ ಬಾಯಿ ಮುಚ್ಚಿಸಿದ್ದೆ. ತಿಂಗಳು ಕಳೆಯಿತು, ಗಾಡಿ ತೊಳೆದು ತಂದರೆ ನೀನು ಮುಟ್ಟಲಿಲ್ಲ. ಇನ್ನೊಂದು ತಿಂಗಳಾಯಿತು. ಕೊನೆಗೆ, "ನೀನೇ ಇಟ್ಕೋ ಕಣೋ, ಅವಳ ಕೈ ನೋಡಿದ್ರೆ ನಂಗೆ ಕಿಕ್ ಹೊಡಿಯೋಕೆ ಕಾಲೇ ಏಳಲ್ಲ" ಅಂದೆ. ಸಿಟಿ ಬಸ್ಸಿನ ಪಾಸು ಮಾಡಿಸಿಕೊಂಡೆ. ಗಾಡಿ ಬಿಟ್ಟು ಪಕ್ಕಕ್ಕೆ ನಿಂತವನು ಅಂತ ಫ್ಯಾಕ್ಟರಿಯಲ್ಲಿ ನಿನಗೆ 'ಸೈಡ್‌ಸ್ಟ್ಯಾಂಡ್' ಅಂತ ಹೆಸರು ಬಿತ್ತು. ಅವರು ನಕ್ಕಾಗ ನಾನೂ ನಕ್ಕಿದ್ದೇನೆ ರುದ್ರಾ. ನೀನು ನೋಡಿದ್ದೆ.

ನಾನು ಗಾಡಿಯಲ್ಲಿ ಊಟಿಗೆ ಹೋಗಿ ಬಂದ ಮರುದಿನ ಊಟದ ಬಿಡುವಿನಲ್ಲಿ ನೀನು ನನ್ನನ್ನು ಬಿಡಲಿಲ್ಲ. ಬಂಡೀಪುರದಲ್ಲಿ ಆನೆ ಕಂಡಿತಾ? ಘಾಟಿಯಲ್ಲಿ ಗಾಡಿ ಬಿಸಿಯಾಯಿತಾ? ಮೇಲೆ ಹೋದ ಮೇಲೆ ಕೈ ಮರಗಟ್ಟಿತಾ? ನಾನು ಹೇಳುತ್ತಾ ಹೋದೆ. ಹೇಳಲು ಇತ್ತಲ್ಲ! ತಿರುವು ತಿರುವಿಗೂ ಬದಲಾಗುವ ಗಾಳಿ, ನೀಲಗಿರಿ ಮರದ ವಾಸನೆ, ಹೆಲ್ಮೆಟ್ ತೆಗೆದಾಗ ಕಿವಿಗೆ ನುಗ್ಗುವ ಆ ನಿಶ್ಶಬ್ದ. ಸುಳ್ಳು ಹೇಳುವುದಿಲ್ಲ, ಆ ಸವಾರಿಗಳಲ್ಲಿ ನಾನು ತುಂಬ ಸುಖಪಟ್ಟೆ. ಅದೇ ದೊಡ್ಡ ಅಸಹ್ಯ. ನೀನು ಬುತ್ತಿಯ ಚಿತ್ರಾನ್ನ ತಿನ್ನುವುದನ್ನೂ ಮರೆತು ಕೇಳುತ್ತಿದ್ದೆ, ನಾನು ಕೊನೆಗೆ ಉಪದೇಶ ಬೇರೆ ಮಾಡಿದೆ: "ಬ್ರೇಕ್ ಎರಡೂ ಒಟ್ಟಿಗೆ ಹಿಡೀಬೇಕು ಕಣೋ, ಆವತ್ತು ನೀನು ಅಲ್ಲೇ ತಪ್ಪಿದ್ದು." ನೀನು ತಲೆಯಾಡಿಸಿದೆ.

ಕಾಮಾಲೆ ಏರಿ ನೀನು ಮಲಗಿದ್ದ ಕೊನೆಯ ವಾರ, ಹಳದಿ ಕಣ್ಣು ಬಿಟ್ಟು, "ಈ ಸಲ ಯಾವ್ ಕಡೆ?" ಅಂತ ಕೇಳಿದೆ. ಹೇಳಲೇಬೇಕು ಅಂತ ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಬಾಯಿ ತೆರೆದೆ. ನರ್ಸು ಬಂದರು, ಗ್ಲೂಕೋಸ್ ಬಾಟಲಿ ಬದಲಾಯಿಸಿದರು, ಹೋದರು. ನೀನು ಇನ್ನೂ ಕಾಯುತ್ತಲೇ ಇದ್ದೆ. "ಇನ್ನೂ ಗೊತ್ತಾಗಿಲ್ಲ, ನೀನು ಏಳು, ಇಬ್ರೂ ಹೋಗೋಣ" ಅಂದುಬಿಟ್ಟೆ. ಮುಂದಿನ ಬುಧವಾರ ನೀನು...

ಇವತ್ತು ಬೆಳಗ್ಗೆ ನಿಮ್ಮ ಮನೆಗೆ ಹೋದಾಗ ಲಲಿತಮ್ಮ ಅಕ್ಕಿ ಆರಿಸುತ್ತಿದ್ದರು. ಆ ಎಡಗೈ ಇನ್ನೂ ನೆಟ್ಟಗೆ ತಿರುಗುವುದಿಲ್ಲ, ಮೊರವನ್ನು ಮೊಣಕೈಯಲ್ಲಿ ಒತ್ತಿ ಹಿಡಿದಿದ್ದರು. ಕಾಫಿ ತರುತ್ತೇನೆ ಅಂತ ಎದ್ದವರನ್ನು ತಡೆದು, ನಿಂತೇ ಎಲ್ಲವನ್ನೂ ಹೇಳಿದೆ. ಹುರುಳಿ, ಫೋರ್ಕು, ಪೇಂಟು, ಬೆಣ್ಣೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು.

"ಕೆಂಗೇರಿ ಬರೋಕ್ ಮುಂಚೆನೇ ಅವ್ರು ಅಂದ್ರು ಜಯಣ್ಣ, ಗಾಡಿ ಯಾಕೋ ಎಡಕ್ಕೆ ಎಳೀತಿದೆ, ತಿರುಗ್ಸಿ ಜಯರಾಮನ ಹತ್ರ ಕೇಳ್ಕೊಂಡ್ ಬರೋಣ್ವಾ ಅಂತ. ನಾನೇ ಬೇಡ ಅಂದೆ. ಜಯಣ್ಣ ಬೆಣ್ಣೆ ಇದ್ದಂಗಿದೆ ಅಂದ್ರಲ್ಲ, ನಿಮ್ ಕೈದೇ ಏನೋ ಇರ್ಬೇಕು, ಧೈರ್ಯವಾಗಿ ನಡೀರಿ ಅಂದೆ." ಅವರು ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು. "ನನ್ ಆ ಮಾತಿಂದ್ಲೇ ಅವ್ರು ಧೈರ್ಯ ಕಳ್ಕೊಂಡ್ರು ಅಂತ ಆರ್ ವರ್ಷದಿಂದ ನಾನು ಕೊರಗ್ತಿದೀನಿ. ನೀವು ನೋಡ್ತಾ ಕೂತಿದ್ರಿ."

ನನ್ನ ಒಂದು ಸುಳ್ಳನ್ನು ನೀವಿಬ್ಬರೂ ಹಂಚಿಕೊಂಡು ಹೊತ್ತಿದ್ದಿರಿ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ನಾನು ಮಾತ್ರ ಹಗುರವಾಗಿ ಊಟಿ, ಮಡಿಕೇರಿ ಸುತ್ತುತ್ತಿದ್ದೆ. ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನಗ್ ಹೇಳಿದ್ದು ಸಾಲ್ದು. ಇವಳಿಗೆ ಹೇಳಿ. ನಿಮ್ಮಪ್ಪ ಗಾಡಿ ಬೀಳ್ಸಿ ಅಮ್ಮನ ಕೈ ಮುರಿದ ಅಂತ ಕೇಳ್ಕೊಂಡೇ ಬೆಳ್ದಿದಾಳೆ. ಸುಮಾ, ಬಾರೇ ಇಲ್ಲಿ."

ನಿನ್ನ ಮಗಳು ಈಗ ನನ್ನ ಎದೆಯವರೆಗೆ ಬಂದಿದ್ದಾಳೆ. ಮೂಗು ನಿನ್ನದೇ. ಪಾಠದ ಪುಸ್ತಕ ಹಿಡಿದುಕೊಂಡೇ ಬಂದು ನಿಂತಳು. ಅವಳ ಮುಖ ನೋಡಿಕೊಂಡು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ದೊಡ್ಡವರೆದುರು ಹೇಳುವಾಗ ನಡುನಡುವೆ ನೆಪ ತುರುಕಬಹುದು, ಒಂಬತ್ತು ವರ್ಷದ ಹುಡುಗಿಯ ಎದುರು ಅದೂ ಆಗುವುದಿಲ್ಲ. ಎಲ್ಲ ಕೇಳಿಸಿಕೊಂಡು ಅವಳು ಯೋಚಿಸಿ ಒಂದೇ ಪ್ರಶ್ನೆ ಕೇಳಿದಳು.

"ಹಂಗಾದ್ರೆ ನಮ್ಮಪ್ಪಂಗೆ ಗಾಡಿ ಓಡ್ಸೋಕ್ ಬರ್ತಿತ್ತಾ?"

ರುದ್ರಾ, ನೀನು ಓಡಿಸಿದ್ದು ಅವಳಿಗೆ ನೆನಪೇ ಇಲ್ಲ. ನಾನು ಕಸಿದುಕೊಂಡದ್ದು ಏನು ಅಂತ ನನಗೆ ಪೂರ್ತಿ ತಿಳಿದದ್ದು ಆಗ.

"ಬರ್ತಿತ್ತಾ ಅಂತೀಯಲ್ಲಮ್ಮ! ನಂಗೆ ಕಲ್ಸಿದ್ದೇ ನಿಮ್ಮಪ್ಪ. ಕಾರ್ಡ್ ರೋಡಲ್ಲಿ ಹದಿನೈದ್ ದಿನ ಹಿಂದೆ ಕೂತ್ಕೊಂಡು, ಒಂದ್ ಸಲಾನೂ ಬೈಯದಂಗೆ ಕಲ್ಸಿದ್ರು" ಅಂದೆ.

ಅವಳು ನನ್ನನ್ನು ಒಮ್ಮೆ ನೋಡಿದಳು, ಪುಸ್ತಕವನ್ನು ಅಕ್ಕಿಯ ಪಕ್ಕದಲ್ಲಿ ಇಟ್ಟಳು, ಬಾಗಿಲು ದಾಟಿ ಬೀದಿಗೆ ಓಡಿದಳು. ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರಿಗೆ ಕೂಗಿ ಹೇಳುವುದು ನನಗೆ ಒಳಗೆ ಸ್ಪಷ್ಟವಾಗಿ ಕೇಳಿಸಿತು.

"ನಮ್ಮಪ್ಪ ಬೀಳ್ಸಿದ್ದಲ್ವಂತೆ ಕಣ್ರೇ! ಜಯರಾಮ್ ಅಂಕಲ್ ಬೀಳ್ಸಿದ್ದಂತೆ! ನಮ್ಮಪ್ಪಂಗೆ ಚೆನ್ನಾಗ್ ಬರ್ತಿತ್ತಂತೆ!"

ಎದುರು ಮನೆಯವರು ಕಿಟಕಿ ತೆರೆದರು. ಅವಳು ಅವರಿಗೂ ಹೇಳಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ, ಲಲಿತಮ್ಮ ಅಳುತ್ತಿದ್ದರು, ನಿನ್ನ ಮಗಳು ಆ ಬೀದಿಯ ಒಂದೊಂದೇ ಮನೆಯ ಮುಂದೆ ನಿಂತು ಕೂಗುತ್ತಾ ಹೋಗುತ್ತಿದ್ದಳು.

ನಾಳೆ ಸೋಮವಾರ, ಊಟದ ಬಿಡುವಿನಲ್ಲಿ ಫ್ಯಾಕ್ಟರಿಯಲ್ಲಿ ನಾನು ಕೂಗುತ್ತೇನೆ.

ಜಯರಾಮ